ಬೀಳುವ ಸದ್ದು

“ಮಕ್ಕಳು ಬೇಕೂಂತಲೇ ಬೀಳಿಸ್ತಿದಾರೆ ಮೇಡಂ. ಇದಕ್ಕೆಲ್ಲ ಕಾರಣ ನೀವೇ,” ಎಂದ ಚಿಕ್ಕ ಯಜಮಾನ, ಗಾಜಿನ ಗೋಡೆಯ ಆಚೆ ಕೂತಿದ್ದ ಮಕ್ಕಳ ಕಡೆ ಗದ್ದ ಎತ್ತಿ ತೋರಿಸುತ್ತ. ಹೊಗಳುತ್ತಿದ್ದಾನೋ ಬೈಯುತ್ತಿದ್ದಾನೋ ಅವಳಿಗೆ ಗೊತ್ತಾಗಲಿಲ್ಲ. ಅವನ ಮಾತೇ ಹಾಗೆ. ಚೆನ್ನಾಗಿದೆ ಎನ್ನುವಾಗಲೂ ನಾಳೆಯಿಂದ ಬರಬೇಡಿ ಎನ್ನುವಾಗಲೂ ಅದೇ ನಗು ಮುಖದ ಮೇಲೆ ಕೂತಿರುತ್ತದೆ. ಅವಳು ಗಾಜಿನ ಹತ್ತಿರ ಹೋಗಿ ನಿಂತಳು. ನಿದ್ದೆ ಸಾಲದೆ ಕಣ್ಣೊಳಗೆ ಮರಳು ಬಿದ್ದ ಹಾಗಿತ್ತು. ಆಫೀಸಿನ ಹೊಸ ಆಟ ಆಡಿ ನೋಡಲೆಂದು ಕರೆಸಿದ್ದ ಮಕ್ಕಳು ಹಸಿರು ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಟ್ಯಾಬು. ಆಟ ಬಹಳ ಸರಳ. ಒಂದು ಚೆಂಡು, ಚೆಂಡಿನ ಮೇಲೊಂದು ಹಲಗೆ. ಮೇಲಿನಿಂದ ಒಂದೊಂದೇ ಸಾಮಾನು ಇಳಿಯುತ್ತದೆ: ಬಕೆಟ್ಟು, ಕುರ್ಚಿ, ಕಲ್ಲಂಗಡಿ, ಆನೆ. ಹಲಗೆ ವಾಲದ ಹಾಗೆ ಒಂದನ್ನು ಈಚೆ ಒಂದನ್ನು ಆಚೆ ಇಡಬೇಕು. ಎಲ್ಲ ಇಟ್ಟಾದ ಮೇಲೆ ಮೂರು ಎಣಿಸುವವರೆಗೆ ಹಲಗೆ ನಿಂತರೆ ಗೆದ್ದ ಹಾಗೆ, ಗಂಟೆ ಹೊಡೆಯುತ್ತದೆ. ವಾಲಿದರೆ ಎಲ್ಲವೂ ಜಾರಿ, ಒಂದರ ಮೇಲೊಂದು ಉರುಳಿ, ಕೆಳಗೆ. ಆ ಬೀಳುವ ಸದ್ದು ಅವಳು ಮಾಡಿದ್ದು. ಗಂಟೆಯೂ ಅವಳದೇ, ಆದರೆ ಗಂಟೆಯ ಗೊಡವೆ ಯಾರಿಗೂ ಇದ್ದಂತೆ ಕಾಣಲಿಲ್ಲ.

“ಅಲ್ಲಿ ನೋಡಿ, ಆ ಹಲ್ಲು ಬಿದ್ದಿರೋ ಹುಡುಗಿ. ಆನೇನ ತುದೀಗೇ ಇಡ್ತಾಳೆ. ಪೆದ್ದಿ ಅಲ್ಲ ಅವ್ಳು. ಮೊದಲ್ನೇ ಸಲ ಎಲ್ಲಾನೂ ಚೆನ್ನಾಗಿ ನಿಲ್ಸಿದ್ಳು, ನಾನೇ ನೋಡಿದೀನಿ. ಒಂದ್ಸಲ ಬೀಳಿಸಿದ್ಳು ನೋಡಿ, ಅಲ್ಲಿಗೆ ಮುಗೀತು. ಈಗ ನಿಲ್ಸೋ ಮಾತೇ ಇಲ್ಲ,” ಎಂದ ಚಿಕ್ಕ ಯಜಮಾನ.

“ಆನೆ ಕಣ್ಣಿಗೆ ರೆಪ್ಪೆ ಬರೆಯೋದಕ್ಕೆ ನಾನು ಎಷ್ಟು ಒದ್ದಾಡಿದೀನಿ ಸದ್ದಕ್ಕ,” ಎಂದ ಪಕ್ಕದ ಮೇಜಿನಿಂದ ಬೊಂಬೆಯಣ್ಣ. ಆಟದ ಚಿತ್ರಗಳನ್ನೆಲ್ಲ ಬರೆಯುವವನು ಅವನು. ಅವಳಿಗೆ ಸದ್ದಕ್ಕ ಎಂದು ಹೆಸರಿಟ್ಟವನೂ ಅವನೇ. “ಒಂದೇ ಒಂದು ಮಗೂ ನೋಡ್ತಿಲ್ಲ. ಕಣ್ಣು ಮುಚ್ಕೊಂಡು ಆಡ್ತಿವೆ ಹಾಳಾದವು. ನನ್ನ ಹೊಟ್ಟೆ ಮೇಲೆ ಹೊಡೆದ್ರಿ ನೀವು.”

“ತಮಾಷೆ ಅಲ್ಲ ಇದು,” ಎಂದ ಚಿಕ್ಕ ಯಜಮಾನ ನಗುತ್ತಲೇ. “ಬೀಳೋದೇ ಇಷ್ಟ ಆಗ್ಬಿಟ್ರೆ ಎರಡನೇ ಹಂತಕ್ಕೆ ಯಾರು ಹೋಗ್ತಾರೆ? ಬಿದ್ರೆ ಛೇ ಅನ್ನಿಸ್ಬೇಕು. ಸ್ವಲ್ಪ ನಾಚ್ಕೆ ಆಗ್ಬೇಕು ಮಗೂಗೆ. ಅಂಥ ಸದ್ದು ಮಾಡ್ಕೊಡಿ, ನಾಳೆ ಬೆಳಿಗ್ಗೆಗೆ. ಆ ಕೊನೇಲಿ ಬರತ್ತಲ್ಲ, ಎಲ್ಲಾ ಬಿದ್ದ ಮೇಲೆ ‘ಧಬ್’ ಅಂತ, ಅದನ್ನಂತೂ ತೆಗೀಲೇಬೇಕು. ಮಜಾ ಕೊಡ್ತಿರೋದೇ ಅದು.”

ಅವಳು ಆಯಿತು ಎಂದಳು. ಆಯಿತು ಎನ್ನುವುದು ಅವಳಿಗೆ ಉಸಿರಾಟದಷ್ಟು ಸಲೀಸು. ‘ಧಬ್’ ಹೋಗಲಿ ಎಂದರೆ ತಲೆ ಮೇಲಿನ ಹೊರೆ ಇಳಿದ ಹಾಗಾಗಬೇಕಿತ್ತು. ಯಾರಾದರೂ ಹಾಗೆ ಹೇಳಲಿ ಎಂದೇ ತಿಂಗಳುಗಳಿಂದ ಕಾಯುತ್ತಿದ್ದಳಲ್ಲ. ಆದರೆ ಹಾಗಾಗಲಿಲ್ಲ. ಒಮ್ಮೆ ಮಕ್ಕಳನ್ನೇ ಕೇಳಿ ನೋಡಿ ಎಂದು ಅವನು ಬಾಗಿಲು ತೆರೆದು ಹಿಡಿದದ್ದರಿಂದ ಒಳಗೆ ಹೋಗಿ, ಮಂಡಿ ಲಟಕ್ಕೆನ್ನಿಸಿಕೊಂಡು, ಹಲ್ಲು ಬಿದ್ದ ಹುಡುಗಿಯ ಪಕ್ಕ ನೆಲದ ಮೇಲೆ ಕೂತಳು. ಹುಡುಗಿ ತಲೆ ಎತ್ತಲಿಲ್ಲ. ಆನೆಯನ್ನು ಹಲಗೆಯ ತುದಿಗೆ ಎಳೆದು ಬಿಟ್ಟಳು. ಹಲಗೆ ವಾಲಿತು, ಎಲ್ಲ ಜಾರಿತು. ಹುಡುಗಿ ಕಣ್ಣು ಮುಚ್ಚಿ, ಸೊಂಟ ಬಗ್ಗಿಸಿ, ಕಿವಿಯನ್ನು ಟ್ಯಾಬಿಗೆ ತಾಗಿಸಿ ಕೇಳಿದಳು, ಗೋಡೆಗೆ ಕಿವಿಗೊಟ್ಟು ಪಕ್ಕದ ಮನೆಯ ಜಗಳ ಕೇಳುವವರ ಹಾಗೆ.

“ಆಂಟಿ, ಐದನೇದು ಏನು ಬೀಳತ್ತೆ?” ಎಂದಳು ಆಮೇಲೆ.

“ಯಾವ ಐದನೇದು?”

“ಬಕೆಟ್ಟು ಬಿತ್ತಾ? ಕುರ್ಚಿ ಬಿತ್ತಾ? ಹಣ್ಣು, ಆಮೇಲೆ ಆನೆ. ಅದಾದ್ಮೇಲೆ ಇನ್ನೊಂದು ಬೀಳತ್ತೆ. ಅದು ಕಾಣ್ಸಲ್ಲ. ಅದೇನು ಅಂತ ನೋಡೋಕೇ ನಾನು ಬೀಳಿಸ್ತಿರೋದು.”

“ನಿಂಗೇನನ್ಸತ್ತೆ?”

ಹುಡುಗಿ ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಚುಚ್ಚಿ ಯೋಚಿಸಿದಳು. “ಯಾರೋ ದೊಡ್ಡೋರು. ಆದ್ರೆ ಅವ್ರಿಗೆ ನೋವಾಗಿಲ್ಲ.”

“ನಿಂಗೆ ಹೇಗೆ ಗೊತ್ತು?”

“ಅಳೋದು ಕೇಳಲ್ವಲ್ಲಾ,” ಎಂದಳು ಹುಡುಗಿ, ಇಷ್ಟೂ ತಿಳಿಯದ ದೊಡ್ಡವರನ್ನು ಕಂಡರೆ ಮಕ್ಕಳಿಗೆ ಬರುವ ಆ ಬೇಸರದಿಂದ. ಮತ್ತೆ ಆನೆಯನ್ನು ಹಿಡಿದು ತುದಿಗೆ ಎಳೆದಳು.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಅದೇ ಮಾತು ಕಿವಿಯಲ್ಲಿತ್ತು. ಬ್ಯಾಗಿನೊಳಗಿನ ಟ್ಯಾಬು ಸೊಂಟಕ್ಕೆ ಬಡಿಯುತ್ತಿತ್ತು. ಬಸ್ಸು ತಿರುವಿನಲ್ಲಿ ವಾಲಿದಾಗ ನಿಂತವರೆಲ್ಲ ಒಟ್ಟಿಗೆ ಒಂದು ಕಡೆಗೆ ವಾಲಿ, ಒಟ್ಟಿಗೆ ನೆಟ್ಟಗಾದರು. ಕಾಲೇಜಿನ ಹುಡುಗಿಯೊಬ್ಬಳು ಎದ್ದು “ಕೂತ್ಕೊಳ್ಳಿ ಅಮ್ಮಾ” ಎಂದಾಗ, ತನ್ನ ಹಿಂದೆ ಯಾರೋ ಮುದುಕಿ ಇರಬೇಕೆಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಬೇಡ ಎನ್ನಲು ಆಗಲಿಲ್ಲ, ಕೂತಳು, ಕೂತದ್ದಕ್ಕೆ ನಾಚಿಕೆಯಾಯಿತು, ಕಿಟಕಿಯ ಕಡೆ ಮುಖ ತಿರುಗಿಸಿದಳು. ಐದನೆಯದು ಏನು ಎಂದು ಅವಳಿಗೆ ಗೊತ್ತಿತ್ತು. ಐದನೆಯದು ಅವಳ ತಾಯಿ. ಹೀಗೆ ನೇರವಾಗಿ ಒಂದು ಮಾತಿನಲ್ಲಿ ಅವಳು ತನಗೆ ತಾನು ಹೇಳಿಕೊಂಡದ್ದೂ ಕಡಿಮೆಯೇ. ಯಾವಾಗಲೂ ಆ ‘ಧಬ್’ ಎಂದೋ, ಕೊನೆಯ ತುಣುಕು ಎಂದೋ ಅದರ ಸುತ್ತ ಸುತ್ತಿ ಹೋಗುತ್ತಿದ್ದಳು, ರಸ್ತೆಯ ಗುಂಡಿಯನ್ನು ಬಳಸಿ ಹೋಗುವ ಹಾಗೆ. ಕೆಲವು ತಿಂಗಳ ಹಿಂದಿನ ಆ ಭಾನುವಾರ ಬೆಳಿಗ್ಗೆ ಅವಳು ಮನೆಯ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸಾಮಾನು ಬೀಳಿಸುತ್ತಿದ್ದಳು. ಗೋಡೆಗೆ ಹಳೆಯ ಹಾಸಿಗೆ ಒರಗಿಸಿ, ಕಿಟಕಿಗೆ ಕಂಬಳಿ ಹೊದಿಸಿ ಅವಳೇ ಮಾಡಿಕೊಂಡ ರೆಕಾರ್ಡಿಂಗ್ ಕೋಣೆ ಅದು. ಆಫೀಸಿನಲ್ಲಿ ಅಂಥದ್ದೊಂದು ಕೋಣೆ ಕಟ್ಟಿಸುವ ಮಾತು ಅವಳು ಸೇರಿದಾಗಿನಿಂದಲೂ ಮಾತಾಗಿಯೇ ಇತ್ತು. ಬಾಗಿಲು ಹಾಕಿದರೆ ಸಾಲದು, ಕೆಲಸ ನಡೆಯುತ್ತಿದೆ ಎಂದು ಹೊರಗಿನವರಿಗೆ ತಿಳಿಯಬೇಕಲ್ಲ. ಅದಕ್ಕೆ ಹೊರಗಿನ ಹಿಡಿಗೆ ಒಂದು ಕೆಂಪು ಬಟ್ಟೆ ಸಿಕ್ಕಿಸುತ್ತಿದ್ದಳು. ತಾಯಿ ಹೊಲಿಗೆ ಕೆಲಸ ಮಾಡುತ್ತಿದ್ದ ಕಾಲದ ಅಸ್ತರಿನ ತುಂಡು. ಬಟ್ಟೆ ಕಂಡರೆ ಮನೆಯಲ್ಲಿ ನಲ್ಲಿ ತಿರುಗಿಸಬಾರದು, ಕುರ್ಚಿ ಎಳೆಯಬಾರದು, ಫೋನು ಎತ್ತಬಾರದು, ಕೆಮ್ಮಬಾರದು. ಬೇರೆಯವರ ಮನೆಯಲ್ಲಿ ಮಗು ಮಲಗಿದರೆ ಇರುವಂಥ ಕಟ್ಟಳೆ. ತಾಯಿ ಅದನ್ನು ಎಷ್ಟು ಚೆನ್ನಾಗಿ ಪಾಲಿಸುತ್ತಿದ್ದಳೆಂದರೆ, ಪಕ್ಕದ ಮನೆಯವರು ಬಾಗಿಲಿಗೆ ಬಂದರೆ ತುಟಿಯ ಮೇಲೆ ಬೆರಳಿಟ್ಟು, ಕಣ್ಣಲ್ಲೇ ಕುಶಲ ಕೇಳಿ, ಕಣ್ಣಲ್ಲೇ ಕಳಿಸಿಬಿಡುತ್ತಿದ್ದಳು. ಅವರು ಇದನ್ನೊಂದು ಹುಚ್ಚರ ಮನೆ ಎಂದುಕೊಂಡಿದ್ದರೂ ತಪ್ಪಿಲ್ಲ.

ಬಕೆಟ್ಟು ಆಯಿತು, ಕುರ್ಚಿ ಆಯಿತು. ಆನೆಗೆ ಏನು ಮಾಡುವುದೆಂದು ತಿಳಿಯದೆ ಮರದ ಸ್ಟೂಲಿಗೆ ದಿಂಬು ಕಟ್ಟಿ ಉರುಳಿಸಿದ್ದಳು. ಸ್ಟೂಲು ಬಿತ್ತು, ಒಂದು ಉಸಿರಿನಷ್ಟು ಖಾಲಿ, ಆಮೇಲೆ ಆ ‘ಧಬ್’. ದಪ್ಪ, ಬೆಚ್ಚಗೆ, ನೆಲದೊಳಗಿಂದಲೇ ಎದ್ದು ಬಂದ ಹಾಗೆ. ಸ್ಟೂಲು ಮಗ್ಗುಲು ಬದಲಿಸಿ ಹಾಸಿಗೆಯ ಅಂಚಿಗೆ ತಾಗಿರಬೇಕು ಎಂದುಕೊಂಡಳು. ಬೇಕೆಂದು ಹುಡುಕಿದರೂ ಸಿಗದಂಥದ್ದು ತಾನಾಗಿ ಸಿಕ್ಕಿತೆಂದು ಹಿಗ್ಗಿದಳು. ರೆಕಾರ್ಡಿಂಗ್ ಅಲ್ಲಿಗೇ ನಿಲ್ಲಿಸಿದಳು. ಎದ್ದು ಬಟ್ಟೆ ತೆಗೆಯಬೇಕಾದವಳು ಹೆಡ್‌ಫೋನ್ ಹಾಕಿಕೊಂಡು ಕೂತೇಬಿಟ್ಟಳು. ಆ ‘ಧಬ್’ ಅನ್ನು ಕತ್ತರಿಸಿ, ಆನೆಯ ಹಿಂದೆ ಅಂಟಿಸಿ, ಮತ್ತೆ ಕೇಳಿ, ಸ್ವಲ್ಪ ಹಿಂದೆ ಸರಿಸಿ, ಮತ್ತೆ ಕೇಳಿ. ಎಷ್ಟು ಸಲ ಕೇಳಿದಳೋ. ನಗುತ್ತಿದ್ದಳು ಕೂಡ. ಬಾಯಾರಿಕೆಯಾಗಿ ಬಾಗಿಲು ತೆರೆದಾಗ ಬಚ್ಚಲಿಗೆ ಹೋಗುವ ದಾರಿಯಲ್ಲಿ ತಾಯಿ ಒಂದು ಮಗ್ಗುಲಾಗಿ ಬಿದ್ದಿದ್ದಳು, ಕೆನ್ನೆ ನೆಲಕ್ಕೆ ತಾಗಿತ್ತು, ಕಣ್ಣು ತೆರೆದೇ ಇತ್ತು, ಈ ಬಾಗಿಲನ್ನೇ ನೋಡುತ್ತಿತ್ತು. “ಆಯ್ತಾ ನಿನ್ನ ಕೆಲಸ?” ಎಂದಿದ್ದಳು. ಅಷ್ಟೇ. ಬಾಗಿಲ ಹಿಡಿಯಲ್ಲಿ ಬಟ್ಟೆ ಹಾಗೆಯೇ ಇತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ತಾಯಿಯನ್ನು ಒಳಗೆ ಕರೆದೊಯ್ದ ಬಾಗಿಲಿನ ಎದುರಿಗೇ, ಆ ಸದ್ದನ್ನು ಆಫೀಸಿಗೆ ಕಳಿಸಿದ್ದೂ ಅವಳೇ. ಅವತ್ತೇ ಕೊಡಬೇಕಿತ್ತು, ಕೊಟ್ಟಳು. ‘ಸೂಪರ್’ ಎಂದು ಚಿಕ್ಕ ಯಜಮಾನ ಉತ್ತರ ಕಳಿಸಿದ್ದ, ಕೊನೆಗೊಂದು ಚಪ್ಪಾಳೆಯ ಚಿತ್ರ ಬೇರೆ. ಆಮೇಲೆ, ತಾಯಿಯ ಸೊಂಟದ ಆಪರೇಷನ್ನಿನ ಹೊಲಿಗೆ ಬಿಚ್ಚಿದ ವಾರ, ಬೇರೆ ಯಾವುದಕ್ಕೋ ಆ ಬೆಳಗಿನ ಪೂರ್ತಿ ರೆಕಾರ್ಡಿಂಗ್ ಕೇಳುವಾಗ ಗಮನಿಸಿದಳು: ಸ್ಟೂಲು ಎಡಗಿವಿಯಲ್ಲಿ ಬೀಳುತ್ತದೆ, ‘ಧಬ್’ ಬಲಗಿವಿಯಲ್ಲಿ. ಬಲಗಡೆ ಇದ್ದದ್ದು ಬಾಗಿಲು. ಅಷ್ಟು ದಿನ ಅದು ಕಿವಿಗೆ ಹೇಗೆ ಬೀಳಲಿಲ್ಲ? ಸದ್ದಿನಲ್ಲೇ ಅನ್ನ ತಿನ್ನುವವಳಿಗೆ? ಆ ದಿನ ಮಧ್ಯಾಹ್ನ ಅವಳು ವಾಂತಿ ಮಾಡಿಕೊಂಡಿದ್ದಳು. “ಹೊರಗಡೆ ಏನಾದ್ರೂ ತಿಂದ್ಯಾ?” ಎಂದು ಹಾಸಿಗೆಯಿಂದಲೇ ತಾಯಿ ಕೇಳಿದ್ದಳು. ತಾಯಿ ಬಿದ್ದ ದಿನ ಅಣ್ಣ ಫೋನಿನಲ್ಲಿ, “ನೀನೆಲ್ಲಿದ್ದೆ ಅವಾಗ?” ಎಂದು ಗದರಿದಾಗ, ಸ್ಟ್ರೆಚರಿನ ಮೇಲೆ ಮಲಗಿದ್ದ ತಾಯಿಯೇ ಕೈ ಚಾಚಿ ಫೋನು ಕಿತ್ತುಕೊಂಡು, “ಅವಳು ಮನೇಲಿರ್ಲಿಲ್ಲ ಕಣೋ, ಅಂಗಡಿಗೆ ಹೋಗಿದ್ಳು, ನಾನೇ ಕಳ್ಸಿದ್ದೆ” ಎಂದಿದ್ದಳು. ಅಷ್ಟು ನೋವಿನಲ್ಲಿ, ಅಷ್ಟು ಸಲೀಸಾಗಿ. ಆ ಸುಳ್ಳು ಅಂದಿನಿಂದ ಮನೆಯೊಳಗೆ ದೊಡ್ಡ ಬೀರುವಿನ ಹಾಗೆ ನಿಂತಿದೆ. ಇಬ್ಬರೂ ಮೈ ತಾಗಿಸಿಕೊಳ್ಳದೆ ಅದನ್ನು ಬಳಸಿ ಓಡಾಡುತ್ತಾರೆ. ತಾಯಿ ತನಗಾಗಿ ಬಾಯಿ ಮುಚ್ಚಿ ಬಿದ್ದಿದ್ದಳು, ತನಗಾಗಿ ಬಾಯಿ ಬಿಟ್ಟು ಸುಳ್ಳು ಹೇಳಿದಳು. ಎರಡಕ್ಕೂ ತಾನು ಮಾಡಿದ್ದೇನು? ಸ್ನಾನ ಮಾಡಿಸಿದಳು, ಮಾತ್ರೆ ಕೊಟ್ಟಳು, ಕಾಲು ಒತ್ತಿದಳು. ಎಷ್ಟು ಒತ್ತಿದರೂ ಕೈಗೆ ಸಮಾಧಾನವಿಲ್ಲ. ಇಳಿಯುವ ನಿಲ್ದಾಣ ದಾಟಿಹೋಗಿತ್ತು. ಅವಳು ಎದ್ದು, ಸೀಟು ಬಿಟ್ಟುಕೊಟ್ಟ ಹುಡುಗಿಯ ಮುಖ ನೋಡದೆ, ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದಳು.

“ಬಂದ್ಯಾ? ಮುಖ ಯಾಕೆ ಹಿಂಡಿ ಒಣಗಿಸಿದ ಬಟ್ಟೆ ಥರ ಇದೆ?” ತಾಯಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಎದುರಿಗೆ ನಡೆಯಲು ಕೊಟ್ಟ ನಾಲ್ಕು ಕಾಲಿನ ಸ್ಟ್ಯಾಂಡು. ಅದಕ್ಕೆ ಒಂದು ಟವೆಲು, ಒಂದು ಕೈಚೀಲ, ಕನ್ನಡಕದ ಡಬ್ಬಿ ಎಲ್ಲ ನೇತುಬಿದ್ದು ಅದು ಬಡಪಾಯಿ ಕತ್ತೆಯ ಹಾಗೆ ಕಾಣುತ್ತಿತ್ತು. “ವ್ಯಾಯಾಮದ ಹುಡುಗಿ ಬಂದಿದ್ಳು. ಮೂಳೆ ಎಲ್ಲಾ ಕೂಡಿದೆ ಅಜ್ಜಿ, ಸ್ಟ್ಯಾಂಡ್ ಬಿಟ್ಟು ನಡೀರಿ ಅಂತಾಳೆ. ನಾನಂದೆ, ನಿಂಗೇನಮ್ಮ, ಮೂಳೆ ಕೂಡಿದೆ, ಧೈರ್ಯ ಕೂಡ್ಬೇಡ್ವಾ ಅಂತ. ನಕ್ಕಳು. ನಗ್ತಾಳೆ ಪಾಪ, ನಗೋ ವಯಸ್ಸು. ಮದುವೆ ಗೊತ್ತಾಗಿದೆಯಂತೆ ಅವಳಿಗೆ. ಹುಡುಗಂಗೆ ಬೆನ್ನು ನೋವಂತೆ, ಮನೇಲೂ ಇದೇ ಕೆಲಸ ಆಯ್ತಲ್ಲಮ್ಮ ನಿಂಗೆ ಅಂದೆ.”

ತಾಯಿ ಹೀಗೆ ಮಾತಾಡುತ್ತಲೇ ಇರುತ್ತಾಳೆ. ಬಿದ್ದ ಮೇಲೆ ಮಾತು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಒಂದು ವಿಷಯ ಬಿಟ್ಟು ಮಿಕ್ಕದ್ದೆಲ್ಲ ಅದರೊಳಗೆ ಬರುತ್ತದೆ. ಅವಳು ಚಹಾ ಮಾಡಿದಳು. ಲೋಟ ಕೊಡುವಾಗ ಬ್ಯಾಗಿನಿಂದ ಇಣುಕುತ್ತಿದ್ದ ಟ್ಯಾಬಿನ ಮೇಲೆ ತಾಯಿಯ ಕಣ್ಣು ಬಿತ್ತು.

“ಅದೇನಾ ನೀನು ಮಾಡಿರೋ ಆಟ? ಕೊಡಿಲ್ಲಿ.”

“ಮಕ್ಕಳದ್ದು ಅಮ್ಮ ಅದು. ಬೋರು.”

“ದಿನಾ ಬೆಳಿಗ್ಗೆ ನನ್ನನ್ನ ಮಗೂ ಥರ ಕಮೋಡಿನ ಮೇಲೆ ಕೂರಿಸ್ತೀಯ. ಆಟ ಆಡೋದಕ್ಕೆ ಮಾತ್ರ ನಾನು ದೊಡ್ಡೋಳಾ? ಕೊಡೇ.”

ಕೊಡದೆ ಇರಲು ಒಂದು ಕಾರಣವೂ ತೋಚಲಿಲ್ಲ. ಚಾರ್ಜಿಲ್ಲ ಎನ್ನಬಹುದಿತ್ತು, ಆದರೆ ಅಷ್ಟರಲ್ಲಿ ತಾಯಿ ಕನ್ನಡಕ ಏರಿಸಿ, ಪರದೆಯ ಮೇಲೆ ಬೆರಳಿಟ್ಟಾಗಿತ್ತು. ಅವಳು ಅಡುಗೆಮನೆಯ ಬಾಗಿಲಲ್ಲಿ ತನ್ನ ಲೋಟ ಹಿಡಿದು ನಿಂತಳು. ಹೊಲಿಗೆ ಯಂತ್ರದ ಮುಂದೆ ಕೂತಾಗ ಬರುತ್ತಿದ್ದ ಮುಖ ತಾಯಿಗೆ ಬಂದಿತ್ತು, ತುಟಿ ಒಳಗೆಳೆದುಕೊಂಡು, ಹುಬ್ಬು ಗಂಟಿಕ್ಕಿ. ಚಿಕ್ಕಂದಿನಲ್ಲಿ ತಾಯಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೇ, ಹೊಲಿಗೆ ಕಲಿಯಲು ಬಂದವರು ಹಜಾರದಲ್ಲಿ ಯಂತ್ರ ತುಳಿಯುವುದನ್ನು ಕೇಳಿ, “ಸೂಜಿ ಮೊಂಡಾಗಿದೆ, ಬದಲಾಯಿಸ್ಕೊಳೇ” ಎಂದು ಕೂಗುತ್ತಿದ್ದಳು. ಕಿವಿ ಎಂಬುದು ತನಗೆ ಬಂದದ್ದೇ ಅಲ್ಲಿಂದ. ಬಕೆಟ್ಟು ಇಳಿಯಿತು, ತಾಯಿ ಅದನ್ನು ಎಡಕ್ಕಿಟ್ಟಳು. ಕುರ್ಚಿ ಬಲಕ್ಕೆ. ಕಲ್ಲಂಗಡಿ ಇಡುವಾಗ “ನಿಲ್ಲು ನಿಲ್ಲು, ನಿಂಗೇನವಸರ” ಎಂದು ಹಲಗೆಯನ್ನು ಗದರಿದಳು. ಆನೆ ಬಂದಾಗ ಲೆಕ್ಕ ತಪ್ಪಿತು. ಎಲ್ಲವೂ ಜಾರಿತು. ಬಕೆಟ್ಟು, ಕುರ್ಚಿ, ಹಣ್ಣು, ಆನೆ. ಒಂದು ಉಸಿರಿನಷ್ಟು ಖಾಲಿ.

ಧಬ್.

ತಾಯಿ ಮತ್ತೆ ಆಡಿದಳು. ಈ ಸಲ ಬಕೆಟ್ಟು ಕುರ್ಚಿ ಎಂದು ನೋಡದೆ ಎಲ್ಲವನ್ನೂ ಒಂದೇ ಕಡೆ ಒಟ್ಟಿದಳು, ಆಫೀಸಿನ ಆ ಹುಡುಗಿಯ ಹಾಗೆ. ಬಿತ್ತು. ಕೊನೆಯದಕ್ಕೆ ತಲೆ ಸ್ವಲ್ಪ ವಾಲಿಸಿ ಕೇಳಿದಳು.

“ಇದು ನಮ್ಮನೆ ನೆಲ,” ಎಂದಳು.

ಅವಳ ಕೈಯಲ್ಲಿದ್ದ ಲೋಟ ಇನ್ನೂ ಬಿಸಿಯಾಗಿತ್ತು. ಬೆರಳು ಸುಡುತ್ತಿದೆ ಎಂದು ಗೊತ್ತಾಗುತ್ತಿತ್ತು, ಆದರೆ ಅದನ್ನು ಕೆಳಗಿಡುವುದು ಬಹಳ ದೊಡ್ಡ ಕೆಲಸದಂತೆ ಕಂಡಿತು. ಸ್ಟೂಲು ಎನ್ನಲೇ? ಹಾಸಿಗೆ ಎನ್ನಲೇ?

“ಸ್ಟೂಲು ಅಂದ್ಕೊಂಡಿದ್ದೆ ಅಮ್ಮ ನಾನು. ದೇವರಾಣೆ, ಸ್ಟೂಲು ಅಂತಲೇ.”

“ನಾನು ನಿನ್ನ ಸ್ಟೂಲಿಗಿಂತ ದಪ್ಪ ಇಲ್ವಾ?” ತಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. “ಯಾವಾಗ ಗೊತ್ತಾಯ್ತು?”

“ನಿನ್ನ ಹೊಲಿಗೆ ಬಿಚ್ಚಿದ ವಾರ.”

“ಓಹೋ. ಅವತ್ತು ಬಕ್ ಅಂತ ಕಕ್ಕೊಂಡ್ಯಲ್ಲ, ಅದಾ? ನಾನು ಯಾರಪ್ಪಾ ಇದು, ಈ ವಯಸ್ಸಲ್ಲಿ, ಅಂತ ಏನೇನೋ ಯೋಚ್ನೆ ಮಾಡಿದ್ದೆ.”

“ಅಮ್ಮ, ನಗ್ಬೇಡ. ಬಟ್ಟೆ ಇತ್ತು ಬಾಗಿಲಲ್ಲಿ. ನನ್ನ ಕೆಲಸ ಮುಗಿದಿತ್ತು. ಮುಗಿದೇ ಹೋಗಿತ್ತು. ತೆಗೀಲಿಲ್ಲ ನಾನು. ಮರೆತು ಕೂತಿದ್ದೆ, ಅದನ್ನೇ ಕೇಳ್ಕೊಂಡು. ನೀನು ಅಲ್ಲಿ ಬಿದ್ಕೊಂಡು, ಬಟ್ಟೆ ಇದೆ ಅಂತ, ನಂಗೆ ತೊಂದ್ರೆ ಆಗತ್ತೆ ಅಂತ ಕೂಗದೇನೇ…”

“ಯಾರು ಹೇಳಿದ್ದು ಹಾಗಂತ?”

ತಾಯಿಯ ದನಿ ಒರಟಾಗಿತ್ತು. ಟ್ಯಾಬನ್ನು ಕುರ್ಚಿಯ ಕೈ ಮೇಲಿಟ್ಟು, ಸ್ಟ್ಯಾಂಡಿನ ಟವೆಲನ್ನು ಸುಮ್ಮನೆ ಎಳೆದು, ಮಡಿಸಿ, ಮತ್ತೆ ಅಲ್ಲೇ ಹಾಕಿದಳು.

“ಸೊಂಟ ಮುರಿದೋಳಿಗೆ ನಿನ್ನ ಬಟ್ಟೆ ತುಂಡು ಅಡ್ಡ ಬರತ್ತಾ? ಕೂಗೋಕೆ ನಂಗೆ ಬಾಯಿರ್ಲಿಲ್ವಾ? ಬೀದಿ ಕೊನೇವರ್ಗೂ ಕೇಳೋ ಬಾಯಿ ಇದು. ಸಿಟ್ಟು ಬಂದಿತ್ತು ಕಣೆ ನಂಗೆ. ಬೀಳೋಕ್ ಮುಂಚೇನೇ ಬಂದಿತ್ತು. ಬೆಳಿಗ್ಗೆ ಒಂದ್ಸಲ ಕೆಮ್ಮು ಬಂತು, ಕೆಮ್ಮಿದೆ. ನೀನು ಬಾಗಿಲು ತೆಗೆದು ಒಂದು ಮುಖ ನೋಡಿದೆ, ನೆನಪಿದ್ಯಾ? ‘ತ್ಚು’ ಅಂದೆ. ಅಷ್ಟೇ, ಮತ್ತೆ ಹಾಕ್ಕೊಂಡೆ. ನನ್ನ ಮನೇಲಿ ನಾನು ಕೆಮ್ಮೋಹಾಗಿಲ್ಲ! ಆಮೇಲೆ ಬಿದ್ನಲ್ಲ, ಅಲ್ಲೇ ಬಿದ್ಕೊಂಡು ಅಂದ್ಕೊಂಡೆ, ಕೂಗಲ್ಲ. ತಾನಾಗೇ ಬರ್ಲಿ. ಎಷ್ಟ್ಹೊತ್ತಿಗೆ ಬರ್ತಾಳೋ ನೋಡೇಬಿಡೋಣ.”

“ಅಮ್ಮ.”

“ಇರು, ಹೇಳ್ತೀನಿ. ಆಮೇಲೆ ನೋವು ಜಾಸ್ತಿ ಆಯ್ತು. ಕೂಗೋಣ ಅನ್ನಿಸ್ತು. ಆದ್ರೆ ಇಷ್ಟ್ಹೊತ್ತು ಸುಮ್ನಿದ್ದು ಈಗ ಕೂಗಿದ್ರೆ ಏನಂದ್ಕೊಳ್ತೀಯ ಅಂತ ನಾಚ್ಕೆ ಆಯ್ತು. ಹೊತ್ತು ಹೋದ ಹಾಗೆ ನಾಚ್ಕೆ ಇನ್ನೂ ಜಾಸ್ತಿ ಆಯ್ತು. ನೀನು ಒಳಗೆ ನಗ್ತಿದ್ದೆ. ಕೇಳಿಸ್ತು.”

ಅವಳು ಲೋಟವನ್ನು ಅಲ್ಲೇ ನೆಲದ ಮೇಲಿಟ್ಟು ಪಕ್ಕದಲ್ಲಿ ಕೂತಳು. ಇಷ್ಟು ತಿಂಗಳು ಹೊತ್ತದ್ದು ಹಗುರವಾಯಿತೋ ಇನ್ನೂ ಭಾರವಾಯಿತೋ ತಿಳಿಯಲಿಲ್ಲ. ಆಕಾರ ಬದಲಾಗಿತ್ತು, ಹಿಡಿದು ರೂಢಿಯಾದ ಜಾಗದಲ್ಲಿ ಹಿಡಿ ಇರಲಿಲ್ಲ. ತಾಯಿಯ ಆ ತೆರೆದ ಕಣ್ಣು. ಅದು ತಾಳ್ಮೆಯ ಕಣ್ಣು ಎಂದು ಎಷ್ಟು ದಿನ ನಂಬಿದ್ದಳು, ಆ ತಾಳ್ಮೆಯ ಎದುರು ಎಷ್ಟು ಕುಗ್ಗಿದ್ದಳು. ಅದು ಹಟದ ಕಣ್ಣು. ಅವಳಿಗೂ ಸಿಟ್ಟು ಬಂತು, ತಣ್ಣಗೆ, ತಡವಾಗಿ. ಆ ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಕೇಳಿದಳು:

“ಮತ್ತೆ ಅಣ್ಣಂಗೆ ಅಂಗಡಿ ಅಂತ ಯಾಕೆ ಹೇಳಿದ್ದು?”

“ನಿಂಗೋಸ್ಕರ ಅಂದ್ಕೊಂಡ್ಯಾ?” ತಾಯಿ ಕಿಟಕಿಯ ಕಡೆ ನೋಡಿದಳು. “ಅವಳು ಮನೇಲಿದ್ಳು ಅಂದ್ರೆ, ಮತ್ತೆ ನೀನ್ಯಾಕೆ ಕೂಗ್ಲಿಲ್ಲ ಅಂತ ಕೇಳ್ತಾನಲ್ಲ. ಏನ್ ಹೇಳ್ಲಿ ನಾನು?”

ಕೆಳಗಿನ ರಸ್ತೆಯಲ್ಲಿ ಯಾರೋ ಗಾಡಿ ಚಾಲು ಮಾಡಲು ಒದೆಯುತ್ತಿದ್ದರು. ಅದು ಹತ್ತಿಕೊಳ್ಳಲಿಲ್ಲ, ಮತ್ತೆ ಒದ್ದರು. ಇಬ್ಬರೂ ಅದನ್ನೇ ಕೇಳಿಕೊಂಡು ಕೂತರು, ಹತ್ತಿಕೊಂಡರೆ ಏನೋ ಇತ್ಯರ್ಥವಾಗುತ್ತದೆ ಎನ್ನುವ ಹಾಗೆ. ಕೊನೆಗೆ ಅವರು ಗಾಡಿ ತಳ್ಳಿಕೊಂಡೇ ಹೋದರು.

“ಅದನ್ನ ತೆಗೀಬೇಕಂತೆ,” ಎಂದಳು ಅವಳು. “ಯಜಮಾನ ಹೇಳಿದಾನೆ. ಮಕ್ಕಳಿಗೆ ಅದೇ ಇಷ್ಟ ಆಗ್ಬಿಟ್ಟಿದೆ, ಬೇಕೂಂತಲೇ ಬೀಳಿಸ್ತಾವೆ. ಬಿದ್ರೆ ನಾಚ್ಕೆ ಆಗೋ ಥರದ್ದು ಬೇಕಂತೆ.”

“ನಾಚ್ಕೆಗೆ ಅಂತ ಬೇರೆ ಸದ್ದು ಬೇಕಾ? ಬೀಳೋದೇ ಸಾಲ್ದಾ?” ತಾಯಿ ಟ್ಯಾಬನ್ನು ಮತ್ತೆ ತೊಡೆಗೆ ತೆಗೆದುಕೊಂಡಳು. “ಇಷ್ಟ ಆಗಿದ್ಯಾ ಮಕ್ಕಳಿಗೆ?”

“ಒಂದು ಹುಡುಗಿ ಅಂದ್ಳು, ಯಾರೋ ದೊಡ್ಡೋರು ಬಿದ್ದಿದಾರೆ, ಆದ್ರೆ ನೋವಾಗಿಲ್ಲ ಅಂತ.”

“ಹೂಂ. ಅವಳಿಗೇನ್ ಗೊತ್ತು ಮುಂಡೇದಕ್ಕೆ,” ಎಂದಳು ತಾಯಿ. ಆದರೆ ಅವಳ ತುಟಿಯ ಒಂದು ಮೂಲೆ ಅಲುಗಿತು. “ಹೋಗು, ನಿನ್ನ ಕೆಲಸ ನೋಡ್ಕೋ. ತೆಗೀತೀಯೋ ಬಿಡ್ತೀಯೋ ನನ್ನ ಕೇಳ್ಬೇಡ. ನಾನು ಇದನ್ನ ಒಂದ್ಸಲ ನಿಲ್ಸಿ ನೋಡ್ತೀನಿ.”

“ಏನಾದ್ರೂ ಬೇಕಾದ್ರೆ ಕೂಗು.”

“ಹೋಗೇ.”

ಒಳಕೋಣೆಯಲ್ಲಿ ಹಳೆಯ ಹಾಸಿಗೆಯ ವಾಸನೆ. ಬಾಗಿಲು ಹಾಕಿ, ದೀಪ ಹಚ್ಚಿ, ಮೈಕಿನ ಮುಂದೆ ಕೂತಳು. ಒದ್ದೆ ಬಟ್ಟೆ ಬೀಳಿಸಿದಳು, ತಗಡಿನ ಮುಚ್ಚಳ ಬೀಳಿಸಿದಳು, ಪುಸ್ತಕ. ಯಾವುದರಲ್ಲೂ ನಾಚಿಕೆ ಇರಲಿಲ್ಲ; ಬಿದ್ದ ವಸ್ತುಗಳು ಎಷ್ಟು ನಿಶ್ಚಿಂತೆಯಿಂದ ಬೀಳುತ್ತವೆ ಎಂದು ಆಯಾಸದಿಂದಲೇ ಅಚ್ಚರಿಪಟ್ಟಳು. ಚಿಕ್ಕ ಯಜಮಾನನಿಗೆ ಬೇಕಾದ ಸದ್ದು ಯಾವುದೆಂದು ಅವಳಿಗೆ ಈಗ ಗೊತ್ತಿತ್ತು. ಅದಕ್ಕೆ ಏನನ್ನೂ ಬೀಳಿಸಬೇಕಾಗಿರಲಿಲ್ಲ. ನಾಲಿಗೆಯನ್ನು ಮೇಲಿನ ಹಲ್ಲಿನ ಹಿಂದೆ ಒತ್ತಿ ಸೆಳೆದರೆ ಸಾಕು, ಅದೇ ‘ತ್ಚು’. ಜಗತ್ತಿನ ಯಾವ ಮಗುವಿಗೂ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್ ಗುಂಡಿ ಒತ್ತಿದಳು. ಮೈಕಿಗೆ ಬಾಯಿ ಹತ್ತಿರ ತಂದಳು. ನಾಲಿಗೆ ಒಣಗಿತ್ತು. ತುಟಿ ಒದ್ದೆ ಮಾಡಿಕೊಂಡಳು. ಆಗ ಮೇಜಿನ ಮೇಲೆ, ಕೆಂಪು ಬಟ್ಟೆ ಯಾವಾಗಲೂ ಇರುವ ಜಾಗದ ಮೇಲೆ, ಕಣ್ಣು ಬಿತ್ತು. ಬಟ್ಟೆ ಅಲ್ಲಿರಲಿಲ್ಲ. ಬಾಗಿಲು ಹಾಕುವಾಗ ಕೈ ತನ್ನಷ್ಟಕ್ಕೆ ತಾನೇ ಅದನ್ನು ಎತ್ತಿಕೊಂಡು ಹೊರಗಿನ ಹಿಡಿ ಹುಡುಕಿತ್ತು, ಅವಳನ್ನು ಒಂದು ಮಾತೂ ಕೇಳದೆ.

ಎದ್ದು ತೆಗೆಯಬೇಕು ಎನ್ನುವಷ್ಟರಲ್ಲಿ ಬಲಗಿವಿಯಲ್ಲಿ ಟಕ್ ಎಂದಿತು. ಸ್ಟ್ಯಾಂಡಿನ ರಬ್ಬರು ಕಾಲುಗಳು. ಆಮೇಲೆ ಚಪ್ಪಲಿ ಎಳೆದ ಸದ್ದು. ಮತ್ತೆ ಟಕ್, ಮತ್ತೆ ಚಪ್ಪಲಿ, ಹತ್ತಿರವಾಗುತ್ತ. ಪರದೆಯ ಮೇಲೆ ಸದ್ದಿನ ಏರಿಳಿತ ತೋರಿಸುವ ಹಸಿರು ಗೆರೆ ಪ್ರತಿಸಲವೂ ಒಂದಿಷ್ಟೇ ಎದ್ದು ಮಲಗುತ್ತಿತ್ತು. ಬಾಗಿಲ ಆಚೆ ಬಂದು ಅದು ನಿಂತಿತು. ಉಸಿರು ಕೇಳಿಸಿತು, ಸ್ವಲ್ಪ ಏದುಸಿರು. ಬಟ್ಟೆ ನೋಡುತ್ತಿರಬೇಕು. ಅವಳು ಕುರ್ಚಿಯಿಂದ ಅರ್ಧ ಎದ್ದವಳು ಹಾಗೆಯೇ ಇದ್ದಳು, ಒಂದು ಕೈ ಮೇಜಿನ ಮೇಲೆ.

ಆಮೇಲೆ ಬಾಗಿಲನ್ನು ಬಡಿದ ಸದ್ದು, ಗಟ್ಟಿಯಾಗಿ, ಬೆರಳಿನ ಗೆಣ್ಣಿನಿಂದಲ್ಲ, ಇಡೀ ಅಂಗೈಯಿಂದ. ಹಸಿರು ಗೆರೆ ಒಮ್ಮೆಲೇ ನೆಗೆದು ಕೆಂಪು ಮುಟ್ಟಿತು.